ಎಲ್ಲಿಯವರೆಗಿನ ಹಕ್ಕಿ ಲೆಕ್ಕಕ್ಕೆ? – ಬಿಂದು ಎಣಿಕೆಯಲ್ಲಿ ದೂರಮಿತಿಯ ಆಯ್ಕೆ



ಮಲೆನಾಡಿನ ಯಾವ ಊರಿನಲ್ಲೇ ಆಗಲಿ, ಬೆಳಗಿನ ಜಾವ ಕಾಫಿ ತೋಟದ ನಡುವೆ ಐದು ನಿಮಿಷ ಸುಮ್ಮನೆ ನಿಂತರೆ ಕುಟ್ರುಹಕ್ಕಿಯ ಕೂಗು ಒಂದಲ್ಲ ಒಂದು ದಿಕ್ಕಿನಿಂದ ಕೇಳಿಬರುತ್ತದೆ. ಒಂದು ತಲೆಯ ಮೇಲಿನ ಅತ್ತಿಮರದಲ್ಲಿ, ಇನ್ನೊಂದು ಕಣದ ಆಚೆ, ಮತ್ತೊಂದು ಹೊಳೆ ದಾಟಿ ಎದುರು ಗುಡ್ಡದಲ್ಲಿ. ಈ ಮೂರನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಂಡು ‘ಇಲ್ಲಿ ಮೂರು ಕುಟ್ರುಹಕ್ಕಿಗಳಿವೆ’ ಎಂದು ಬರೆದರೆ, ಆ ‘ಇಲ್ಲಿ’ ಎಂಬುದು ಎಷ್ಟು ಎಕರೆ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಎದುರು ಗುಡ್ಡವೂ ಸೇರಿತೇ? ಸೇರಿದರೆ, ಆ ಗುಡ್ಡದಲ್ಲಿ ಕೂಗದೆ ಕುಳಿತ ಹಕ್ಕಿಗಳ ಗತಿಯೇನು?

ಪ್ರಶ್ನೆ ಚಿಕ್ಕದಾಗಿ ಕಂಡರೂ ಅದರ ಉತ್ತರದ ಮೇಲೆ ನಿಂತಿರುವುದು ಚಿಕ್ಕದಲ್ಲ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಅನೇಕ ದೊಡ್ಡ ಯೋಜನೆಗಳಿಗೆ ಮುನ್ನ ಸಾರ್ವಜನಿಕ ಅಹವಾಲು ನಡೆಯಬೇಕು. ಅಲ್ಲಿ ಮಂಡನೆಯಾಗುವ ವರದಿಗಳಲ್ಲಿ ಹಕ್ಕಿಗಳ ಪಟ್ಟಿ ಇರುತ್ತದೆ. ಕೆಲವೊಮ್ಮೆ ‘ಹೇರಳ’, ‘ವಿರಳ’ ಎಂಬ ಮಾತುಗಳೂ ಇರುತ್ತವೆ. ಹೇರಳವೋ ವಿರಳವೋ ಎಂಬುದನ್ನು ಎಷ್ಟು ದೂರದವರೆಗೆ ನೋಡಿ, ಕೇಳಿ ನಿರ್ಧರಿಸಲಾಯಿತು ಎಂಬುದು ಮಾತ್ರ ಬಹುತೇಕ ಇರುವುದಿಲ್ಲ. ಊರಿನವರು ತಾವೇ ಎಣಿಸಿ ಮತ್ತೊಂದು ಸಂಖ್ಯೆಯನ್ನು ಮುಂದಿಟ್ಟರೆ ಅದಕ್ಕೂ ಇದೇ ಪ್ರಶ್ನೆ ಎದುರಾಗುತ್ತದೆ. ಆದ್ದರಿಂದ ಈ ವಿಷಯವನ್ನು ವಿಜ್ಞಾನಿಗಳ ಕೊಠಡಿಗೆ ಬಿಟ್ಟು ಕೂರುವಂತಿಲ್ಲ.

ಕತ್ತಲಾದ ಮೇಲೆ ಅಂಗಳದಲ್ಲಿ ಅಡಿಕೆ ಚೆಲ್ಲಿಹೋಯಿತೆಂದು ಭಾವಿಸೋಣ. ಲಾಟೀನನ್ನು ನಡುವೆ ಇಟ್ಟು ಕುಳಿತಲ್ಲಿಂದಲೇ ಕಂಡ ಅಡಿಕೆಗಳನ್ನು ಎಣಿಸಬೇಕಾಗಿದೆ. ಲಾಟೀನಿನ ಬುಡದಲ್ಲಿ ಬಿದ್ದ ಒಂದು ಅಡಿಕೆಯೂ ಕಣ್ಣು ತಪ್ಪುವುದಿಲ್ಲ. ಎರಡು ಮಾರು ಆಚೆ ಹತ್ತರಲ್ಲಿ ಏಳು ಕಾಣಬಹುದು. ನಾಲ್ಕು ಮಾರು ಆಚೆ ಎರಡೋ ಮೂರೋ. ಅಂಗಳದ ಅಂಚಿನಲ್ಲಿ ಕಂಡದ್ದು ಅಡಿಕೆಯೋ ಕಲ್ಲೋ ಎಂಬುದೇ ಅನುಮಾನ. ಬೆಳಕು ಹೇಗೆ ಕುಗ್ಗುತ್ತಾ ಹೋಗುತ್ತದೆ ಎಂಬುದು ತಿಳಿದರೆ ಕಂಡ ಅಡಿಕೆಯಿಂದ ಕಾಣದ ಅಡಿಕೆಯನ್ನೂ ಅಂದಾಜು ಮಾಡಬಹುದು. ಹಕ್ಕಿ ಎಣಿಕೆಯಲ್ಲಿ ‘ದೂರಮಾದರಿ ವಿಧಾನ’ ಎನ್ನುವುದು ಇದನ್ನೇ. ಎಣಿಕೆಗಾರ ನಿಂತ ಜಾಗ ಲಾಟೀನು. ಅವನ ಕಣ್ಣು ಕಿವಿ ಬೆಳಕು. ಪ್ರತಿ ಹಕ್ಕಿಯ ಜೊತೆಗೆ ಅದು ಎಷ್ಟು ದೂರದಲ್ಲಿತ್ತು ಎಂಬುದನ್ನೂ ಬರೆದುಕೊಂಡರೆ, ದೂರ ಹೆಚ್ಚಿದಂತೆ ಪತ್ತೆಯಾಗುವ ಸಂಭವ ಹೇಗೆ ಇಳಿಯುತ್ತದೆ ಎಂಬ ರೇಖೆಯನ್ನು ಆ ದೂರಗಳಿಂದಲೇ ಎಳೆಯಬಹುದು. ಇದಕ್ಕೆ ಪತ್ತೆರೇಖೆ ಎಂದು ಹೆಸರಿಡೋಣ.

ಕರ್ನಾಟಕದ ಕಾಡಿಗೆ ಈ ವಿಧಾನ ಹೊಸದಲ್ಲ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ಅವರು ಜಿಂಕೆ, ಕಡವೆ, ಕಾಟಿಗಳ ಸಾಂದ್ರತೆಯನ್ನು ಕಂಡುಕೊಂಡು 1992ರಲ್ಲಿ ಪ್ರಕಟಿಸಿದ್ದು ಇದೇ ತತ್ತ್ವದ ಮೇಲೆ. ಅಲ್ಲಿ ನೇರ ಸೀಳುದಾರಿಯಲ್ಲಿ ನಡೆಯುತ್ತಾ ಎಣಿಸಲಾಗುತ್ತಿತ್ತು. ಹಕ್ಕಿಗಳಿಗೆ, ಅದರಲ್ಲೂ ಕಡಿದಾದ, ಪೊದೆ ತುಂಬಿದ ನೆಲದಲ್ಲಿ, ನಡೆಯುವುದಕ್ಕಿಂತ ನಿಲ್ಲುವುದೇ ಮೇಲು: ಕಾಲಿನ ಕಡೆ ಗಮನ ಕೊಡುವವನಿಗೆ ಮರದ ತುದಿ ಕಾಣದು. ಹವಾಯಿ ದ್ವೀಪಗಳ ಕಾಡುಗಳಲ್ಲಿ ಹಕ್ಕಿ ಎಣಿಸುವವರಿಗೂ ಇದೇ ಕಷ್ಟವಿತ್ತು. ರೆನಾಲ್ಡ್ಸ್, ಸ್ಕಾಟ್ ಮತ್ತು ನುಸ್‌ಬಾಮ್ 1980ರಲ್ಲಿ ಒಂದೆಡೆ ನಿಂತು ಪ್ರತಿ ಹಕ್ಕಿಯ ದೂರ ಬರೆದುಕೊಳ್ಳುವ ವೃತ್ತವಿಧಾನವನ್ನು ವಿವರಿಸಿದರು. ಮುಂದೆ ಬಕ್‌ಲ್ಯಾಂಡ್ ಮತ್ತು ಸಂಗಡಿಗರು 1993ರ ಹಾಗೂ 2001ರ ತಮ್ಮ ಗ್ರಂಥಗಳಲ್ಲಿ ಇದಕ್ಕೆ ಗಟ್ಟಿಯಾದ ಗಣಿತದ ತಳಹದಿಯನ್ನು ಒದಗಿಸಿದರು. ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಯಾವ ಎಣಿಕೆ ವಿಧಾನ ಎಷ್ಟು ನಂಬಲರ್ಹ ಎಂಬುದನ್ನು ಟಿ. ಆರ್. ಶಂಕರ ರಾಮನ್ ಪರೀಕ್ಷಿಸಿ 2003ರಲ್ಲಿ ‘ಐಬಿಸ್’ ಪತ್ರಿಕೆಯಲ್ಲಿ ಬರೆದಿದ್ದಾರೆ.

ಈಗ ದೂರಮಿತಿಯ ವಿಚಾರ. ಎಣಿಕೆ ಮುಗಿದು ದೂರಗಳೆಲ್ಲ ಕೈಯಲ್ಲಿವೆ. ಅತಿ ದೂರದ ದಾಖಲೆಗಳನ್ನು ಒಂದು ಗಡಿಯಾಚೆ ಕತ್ತರಿಸಿ ಪಕ್ಕಕ್ಕಿಟ್ಟು, ಉಳಿದವುಗಳಿಂದ ಮಾತ್ರ ಪತ್ತೆರೇಖೆಯನ್ನು ಎಳೆಯಬೇಕೆಂದು ಶಾಸ್ತ್ರ ಹೇಳುತ್ತದೆ. ಆ ಗಡಿಯೇ ದೂರಮಿತಿ. ಕೇಳಿದೊಡನೆ ಯಾರಿಗಾದರೂ ಸಿಟ್ಟು ಬರುವುದು ಸಹಜ. ಜಿಗಣೆ ಕಚ್ಚಿಸಿಕೊಂಡು, ಮಂಜಿನಲ್ಲಿ ನಿಂತು ಬರೆದುಕೊಂಡ ಹಕ್ಕಿಯನ್ನು ಎಸೆಯುವುದೇ?

ಎಸೆಯುವುದಕ್ಕೆ ಕಾರಣವಿದೆ, ಮತ್ತು ಅದು ವೃತ್ತದ ಸ್ವಭಾವದಲ್ಲಿಯೇ ಇದೆ. ನಿಂತ ಬಿಂದುವಿನ ಸುತ್ತ 25 ಮೀಟರಿಗೊಂದರಂತೆ ಉಂಗುರಗಳನ್ನು ಎಳೆದರೆ ಅವುಗಳ ವಿಸ್ತೀರ್ಣ 1, 3, 5, 7 ಎಂಬ ಪ್ರಮಾಣದಲ್ಲಿ ಬೆಳೆಯುತ್ತದೆ. ಮೊದಲ 10 ಮೀಟರ್ ವೃತ್ತದಲ್ಲಿ ಇರುವುದು 314 ಚದರ ಮೀಟರ್. 90ರಿಂದ 100 ಮೀಟರಿನ ಉಂಗುರದಲ್ಲಿ ಇರುವುದು ಸುಮಾರು 5970 ಚದರ ಮೀಟರ್, ಅಂದರೆ ಹತ್ತೊಂಬತ್ತು ಪಟ್ಟು. ದೂರದಲ್ಲಿ ನೆಲ ಹೆಚ್ಚು, ಆದ್ದರಿಂದ ಹಕ್ಕಿಯೂ ಹೆಚ್ಚು. ಪತ್ತೆಯಾಗುವ ಸಂಭವ ಕಡಿಮೆಯಾದರೂ ದಾಖಲೆಗಳು ಬರುತ್ತಲೇ ಇರುತ್ತವೆ. ಸ್ತಂಭಚಿತ್ರ ಬಿಡಿಸಿದ ವಿದ್ಯಾರ್ಥಿಗಳು ‘ಹತ್ತಿರದಲ್ಲಿ ಹಕ್ಕಿಯೇ ಇಲ್ಲ, ನಡುದೂರದಲ್ಲಿ ಗುಂಪಾಗಿವೆ’ ಎಂದು ಗಾಬರಿಯಾಗುವುದುಂಟು. ಹತ್ತಿರದಲ್ಲಿ ಕಡಿಮೆಯಿರುವುದು ನೆಲವೇ ಹೊರತು ಹಕ್ಕಿಯಲ್ಲ.

ಹೀಗೆ ದೂರದ ದಾಖಲೆಗಳು ಸಂಖ್ಯೆಯಲ್ಲಿ ತೂಕವುಳ್ಳವು, ಗುಣದಲ್ಲಿ ಹಗುರ. ಸಾಂದ್ರತೆಯ ಲೆಕ್ಕಕ್ಕೆ ಮುಖ್ಯವಾಗಿ ಬೇಕಾದದ್ದು ಬಿಂದುವಿನ ಹತ್ತಿರ ಪತ್ತೆರೇಖೆ ಹೇಗಿದೆ ಎಂಬ ತಿಳಿವಳಿಕೆ. ನೂರೈವತ್ತು ಮೀಟರ್ ಆಚೆಯ ಒಂದೆರಡು ಕೂಗುಗಳು ಆ ತಿಳಿವಳಿಕೆಗೆ ಏನನ್ನೂ ಸೇರಿಸುವುದಿಲ್ಲ. ಬದಲಾಗಿ ತಮ್ಮ ಉದ್ದ ಬಾಲಕ್ಕೆ ಹೊಂದಿಕೊಳ್ಳುವಂತೆ ಇಡೀ ರೇಖೆಯನ್ನೇ ಎಳೆದಾಡುತ್ತವೆ. ಇದರ ಮೇಲೆ ದೂರದ ಅಳತೆಯೇ ನಂಬಲಾಗದು. ಕಂಡ ಹಕ್ಕಿಯ ಮರಕ್ಕೆ ಲೇಸರ್ ದೂರಮಾಪಕ ಹಿಡಿಯಬಹುದು. ಕಾನಿನೊಳಗೆ ಹೆಚ್ಚಿನವು ಕೇವಲ ಕೇಳಿದ ಹಕ್ಕಿಗಳು. ಅವುಗಳ ದೂರ ಕಿವಿಯ ಊಹೆ. ಆಲ್‌ಡ್ರೆಡ್ಜ್, ಸೈಮನ್ಸ್ ಮತ್ತು ಪೊಲಾಕ್ ಎಂಬ ಅಮೆರಿಕದ ಸಂಶೋಧಕರು ಕಾಡಿನಲ್ಲಿ ಧ್ವನಿಪೆಟ್ಟಿಗೆಗಳನ್ನು ಅಡಗಿಸಿಟ್ಟು, ಗೊತ್ತಿರುವ ದೂರದಿಂದ ಹಕ್ಕಿಯ ಹಾಡು ನುಡಿಸಿ, ಎಣಿಕೆಗಾರರ ಕಿವಿಯನ್ನು ಪರೀಕ್ಷಿಸಿದರು. ಸುಮಾರು 65 ಮೀಟರ್ ದಾಟಿದ ಮೇಲೆ ಹತ್ತಿರ–ದೂರದ ವ್ಯತ್ಯಾಸ ಗುರುತಿಸುವ ಶಕ್ತಿ ಪಳಗಿದವರಲ್ಲೂ ಬಹಳ ಕುಗ್ಗಿತ್ತೆಂದು 2007ರಲ್ಲಿ ಅವರು ವರದಿ ಮಾಡಿದರು. ಘಟ್ಟದ ಕಣಿವೆಗಳಲ್ಲಿ ಮಾರ್ದನಿ ಬೇರೆ ಸೇರಿಕೊಳ್ಳುತ್ತದೆ.

ಹಾಗಾದರೆ ಎಲ್ಲಿ ಕತ್ತರಿಸಬೇಕು? ಬಕ್‌ಲ್ಯಾಂಡ್ ಮತ್ತು ಸಂಗಡಿಗರು ಬಿಂದು ಎಣಿಕೆಗೆ ಎರಡು ಸೂತ್ರಗಳನ್ನು ಕೊಟ್ಟಿದ್ದಾರೆ. ಅತಿ ದೂರದ ನೂರಕ್ಕೆ ಹತ್ತರಷ್ಟು ದಾಖಲೆಗಳನ್ನು ಬಿಡುವುದು ಒಂದು. ಮೊದಲು ಒಂದು ತಾತ್ಕಾಲಿಕ ಪತ್ತೆರೇಖೆ ಎಳೆದು, ಪತ್ತೆಯ ಸಂಭವ ಹತ್ತರಲ್ಲಿ ಒಂದಕ್ಕೆ, ಅಂದರೆ 0.1ಕ್ಕೆ ಇಳಿಯುವ ದೂರದಲ್ಲಿ ಕತ್ತರಿಸುವುದು ಇನ್ನೊಂದು. ನಡೆದು ಎಣಿಸುವ ವಿಧಾನದಲ್ಲಿ ನೂರಕ್ಕೆ ಐದನ್ನು ಬಿಟ್ಟರೆ ಸಾಕಾಗುತ್ತದೆ. ನಿಂತು ಎಣಿಸುವಾಗ ಉಂಗುರಗಳ ಉಪಟಳದಿಂದಾಗಿ ಹೆಚ್ಚು ಬಿಡಬೇಕು. ಪತ್ತೆರೇಖೆ ‘ಅರೆ–ಸಾಮಾನ್ಯ’ ರೂಪದ್ದಾಗಿದ್ದರೆ ಬಿಂದು ಎಣಿಕೆಯ ಈ ಎರಡೂ ಸೂತ್ರಗಳು ಒಂದೇ ದೂರವನ್ನು ತೋರಿಸುತ್ತವೆ. ಗಣಿತ ಓದುವ ವಿದ್ಯಾರ್ಥಿಗಳು ಇದನ್ನು ನಾಲ್ಕು ಸಾಲಿನಲ್ಲಿ ಸಾಧಿಸಿ ನೋಡಬಹುದು, ಸಂತೋಷವಾಗುತ್ತದೆ. ಎರಡು ಸೂತ್ರಗಳು ಬಹಳ ದೂರ ದೂರ ನಿಂತರೆ, ರೇಖೆಯ ರೂಪದಲ್ಲೋ ದಾಖಲೆಯಲ್ಲೋ ಏನೋ ಎಡವಟ್ಟಿದೆ ಎಂದು ತಿಳಿಯಬೇಕು.

ಒಂದು ಲೆಕ್ಕವನ್ನು ಹಾಕಿ ನೋಡೋಣ. ಇದು ವಿವರಣೆಗಾಗಿ ಕಟ್ಟಿದ ಲೆಕ್ಕವೇ ಹೊರತು ಯಾವ ಕಾಡಿನದೂ ಅಲ್ಲ. 40 ಬಿಂದುಗಳು, ಪ್ರತಿಯೊಂದಕ್ಕೂ ಎರಡು ಭೇಟಿ, ಒಟ್ಟು 80 ಎಣಿಕೆ. ಒಂದು ಜಾತಿಯ ಹಕ್ಕಿ 120 ಬಾರಿ ಪತ್ತೆಯಾಗಿದೆ. ಪತ್ತೆರೇಖೆ ಅರೆ–ಸಾಮಾನ್ಯ ರೂಪದ್ದು, ಅದರ ಹರವು 40 ಮೀಟರ್. ಪತ್ತೆಯ ಸಂಭವ 0.1ಕ್ಕೆ ಇಳಿಯುವುದು ಸುಮಾರು 86 ಮೀಟರಿನಲ್ಲಿ. ಅಲ್ಲಿ ಕತ್ತರಿಸಿದರೆ ಉಳಿಯುವುದು 108 ದಾಖಲೆ. ಆ ವೃತ್ತದ ವಿಸ್ತೀರ್ಣ ಸುಮಾರು 2.3 ಹೆಕ್ಟೇರ್, ಆದರೆ ವೃತ್ತದೊಳಗಿನ ಹಕ್ಕಿಗಳಲ್ಲಿ ಸರಾಸರಿ ನೂರಕ್ಕೆ 39 ಮಾತ್ರ ಪತ್ತೆಯಾಗಿವೆ. ಆದ್ದರಿಂದ ನಿಜವಾಗಿ ‘ಎಣಿಸಿದಂತಾದ’ ನೆಲ 0.9 ಹೆಕ್ಟೇರ್, ಸಾಂದ್ರತೆ ಹೆಕ್ಟೇರಿಗೆ ಒಂದೂವರೆ ಹಕ್ಕಿ.

ಈಗ ಪತ್ತೆರೇಖೆಯ ಗೊಡವೆಗೇ ಹೋಗದೆ, 86 ಮೀಟರ್ ಒಳಗಿನ ಹಕ್ಕಿಗಳೆಲ್ಲ ಕಂಡವು ಎಂದುಕೊಂಡು ಭಾಗಿಸಿದರೆ ಹೆಕ್ಟೇರಿಗೆ 0.58 ಮಾತ್ರ ಬರುತ್ತದೆ, ಅರ್ಧಕ್ಕಿಂತ ಕಡಿಮೆ. ಸಾಮಾನ್ಯವಾಗಿ ಬಳಕೆಯಲ್ಲಿರುವ 50 ಮೀಟರ್ ಗಡಿಯನ್ನು ಇಟ್ಟುಕೊಂಡು ಅದೇ ಊಹೆ ಮಾಡಿದರೆ 65 ದಾಖಲೆ ಉಳಿದು 1.03 ಬರುತ್ತದೆ. 25 ಮೀಟರಿಗೆ ಇಳಿಸಿದರೆ 1.34, ನಿಜಕ್ಕೆ ಹತ್ತಿರವಾಯಿತು, ಆದರೆ ಕೈಯಲ್ಲಿ ಉಳಿದದ್ದು 21 ದಾಖಲೆ. ಇಪ್ಪತ್ತೊಂದರ ಮೇಲೆ ಕಟ್ಟಿದ ಸಂಖ್ಯೆ ಒಂದು ಮಳೆಯ ಮುಂಜಾವಿನಿಂದಲೇ ಅಲ್ಲಾಡಿಬಿಡುತ್ತದೆ. ಬಿಂದು ಎಣಿಕೆಗೆ ಕನಿಷ್ಠ 75ರಿಂದ 100 ದಾಖಲೆ ಬೇಕೆಂಬುದು ಶಾಸ್ತ್ರದ ಸಲಹೆ. ಅತಿ ಒಳಗೆ ಕತ್ತರಿಸಿದರೆ ಮತ್ತೂ ಒಂದು ನಷ್ಟವಿದೆ: ಬೆಳಕು ಎಲ್ಲಿ ಕುಗ್ಗತೊಡಗುತ್ತದೆ ಎಂಬ ಭಾಗವೇ ಕತ್ತರಿಸಿಹೋಗಿ, ರೇಖೆಯ ಆಕಾರ ತಿಳಿಯದಂತಾಗುತ್ತದೆ.

ಮಲೆನಾಡಿಗೆ ಇದಕ್ಕಿಂತಲೂ ಮುಖ್ಯವಾದದ್ದು ಎರಡು ನೆಲೆಗಳ ಹೋಲಿಕೆ. ಸಿಲ್ವರ್ ಓಕ್ ನೆಟ್ಟ ಬಯಲು ತೋಟ ಒಂದು ಕಡೆ, ಹಲಸು, ಅತ್ತಿ, ನಂದಿಗಳ ಕಾಡುನೆರಳಿನ ತೋಟವೋ ದಟ್ಟ ಕಾನೋ ಇನ್ನೊಂದು ಕಡೆ. ಎರಡರಲ್ಲೂ ಹೆಕ್ಟೇರಿಗೆ ಸಮನಾಗಿ ಒಂದೂವರೆ ಹಕ್ಕಿಗಳಿವೆ ಎಂದಿಟ್ಟುಕೊಳ್ಳಿ. ಬಯಲು ತೋಟದಲ್ಲಿ ದೃಷ್ಟಿ ದೂರ ಹೋಗುತ್ತದೆ, ಹರವು 50 ಮೀಟರ್. ಕಾನಿನಲ್ಲಿ 30 ಮೀಟರ್. 80 ಎಣಿಕೆಗಳಲ್ಲಿ ಬಯಲು ತೋಟ ಸುಮಾರು 188 ದಾಖಲೆ ಕೊಡುತ್ತದೆ, ಕಾನು 68 ಮಾತ್ರ. ಬರಿಯ ಎಣಿಕೆಯನ್ನು ಹಿಡಿದುಕೊಂಡವನು ‘ಸಿಲ್ವರ್ ಓಕಿನಲ್ಲಿ ಹಕ್ಕಿ ಸುಮಾರು ಮೂರು ಪಟ್ಟು’ ಎಂದು ವರದಿ ಬರೆದುಬಿಡುತ್ತಾನೆ. ಅವನ ಎಣಿಕೆಯಲ್ಲಿ ಸುಳ್ಳಿಲ್ಲ. ನೆರಳು ಮರ ಕಡಿಯಲು ಹೊರಟವರ ಕೈಗೆ ಅಂಥ ವಾಕ್ಯವೊಂದು ಸಿಕ್ಕಿದರೆ ಮುಂದೇನಾಗುವುದೆಂದು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ದೂರಮಿತಿಯನ್ನು ಹೇಗಿಡಬೇಕು? ಮೇಲಿನ ಸೂತ್ರದಂತೆ ಬಯಲು ತೋಟಕ್ಕೆ ಸುಮಾರು 107 ಮೀಟರ್, ಕಾನಿಗೆ 64 ಮೀಟರ್ ಬರುತ್ತದೆ. ಪ್ರತಿಯೊಂದು ನೆಲೆಗೂ ಬೇರೆ ಬೇರೆ ಪತ್ತೆರೇಖೆ ಎಳೆಯುವುದಾದರೆ ಬೇರೆ ಬೇರೆ ದೂರಮಿತಿ ಇಡಬಹುದು, ತಪ್ಪಿಲ್ಲ. ಎರಡನ್ನೂ ಒಂದೇ ಮಾದರಿಯಲ್ಲಿ ಸೇರಿಸಿ, ನೆಲೆಯನ್ನು ಒಂದು ಕಾರಣಾಂಶವಾಗಿ ಇಡುವುದಾದರೆ ಎರಡಕ್ಕೂ ಒಂದೇ ಮಿತಿ ಬೇಕು. ಆಗ ಕಾನಿನ ಮಿತಿಗೆ ತಗ್ಗಿದರೆ ಬಯಲು ತೋಟದ 188ರಲ್ಲಿ ಸುಮಾರು 105 ಉಳಿಯುತ್ತವೆ. ನಷ್ಟವೇ ಸರಿ, ಆದರೂ ಲೆಕ್ಕಕ್ಕೆ ಸಾಲುತ್ತದೆ. ಪತ್ತೆರೇಖೆಯನ್ನೇ ಎಳೆಯದೆ ಎರಡು ನೆಲೆಗಳಿಗೂ ಒಂದೇ ವೃತ್ತ ಹಾಕಿ ಎಣಿಕೆಗಳನ್ನು ಹೋಲಿಸುವುದು ಮಾತ್ರ ಮಿತಿ ಸಮಾನವಾಗಿದ್ದರೂ ಅನ್ಯಾಯ. ವೃತ್ತ ಒಂದೇ, ಅದರೊಳಗಿನ ಬೆಳಕು ಬೇರೆ.

ಜಾತಿಯಿಂದ ಜಾತಿಗೂ ಮಿತಿ ಬದಲಾಗುತ್ತದೆ. ಸ್ಕಾಟ್ಲೆಂಡಿನ ಮಾಂಟ್ರೇವ್ ಎಸ್ಟೇಟಿನಲ್ಲಿ 32 ಬಿಂದುಗಳಿಂದ ನಾಲ್ಕು ಜಾತಿಯ ಹಾಡುಹಕ್ಕಿಗಳನ್ನು ಎಣಿಸಿದ ಬಕ್‌ಲ್ಯಾಂಡ್ ಅವರ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ರೆನ್ ಎಂಬ ಹಕ್ಕಿಯ ದಾಖಲೆಗಳನ್ನು ಐದು ನಿಮಿಷದ ಎಣಿಕೆಯಲ್ಲಿ 110 ಮೀಟರಿಗೆ ಕತ್ತರಿಸಲಾಗಿದೆ. ರೆನ್ ಗುಬ್ಬಚ್ಚಿಗಿಂತ ಚಿಕ್ಕದು. ಕಂಠ ಮಾತ್ರ ಜೋರು. ಬಿಂದುವಿನ ಬಳಿ ದೇಹದ ಗಾತ್ರಕ್ಕಿಂತ ಗಂಟಲಿಗೇ ಬೆಲೆ ಹೆಚ್ಚು. ಇಲ್ಲಿಯ ಕುಟ್ರುಹಕ್ಕಿ ದೂರದಿಂದ ಕೇಳುತ್ತದೆ. ಬದನಿಕೆ ಹಕ್ಕಿಯ ಸಣ್ಣ ‘ಚಿಕ್’ ಎಂಬ ದನಿ ಪಕ್ಕದ ಮರ ದಾಟುವುದಿಲ್ಲ. ಎರಡಕ್ಕೂ ಒಂದೇ ಮಿತಿ ಹಾಕಿದರೆ ಒಂದಕ್ಕೆ ಅಂಗಿ ಬಿಗಿ, ಇನ್ನೊಂದಕ್ಕೆ ಸಡಿಲ. (ವಯಸ್ಸಾದಂತೆ ಕಿವಿಗೆ ಮೊದಲು ತಪ್ಪಿಹೋಗುವುದು ಇಂಥ ತೆಳು ದನಿಯೇ. ಹಿರಿಯ ಎಣಿಕೆಗಾರರೂ ಶಾಲೆಯ ಹುಡುಗರೂ ಒಂದೇ ತಂಡದಲ್ಲಿದ್ದರೆ ಯಾರು ಎಣಿಸಿದ್ದು ಎಂಬುದನ್ನೂ ಬರೆದಿಡುವುದು ಒಳ್ಳೆಯದು.) ಹಾಗೆಂದು ಮಾಂಟ್ರೇವಿನ 110 ಮೀಟರನ್ನು ತಂದು ಆಗುಂಬೆಗೆ ಅಂಟಿಸುವಂತಿಲ್ಲ. ಅದು ಆ ಹಕ್ಕಿಯ, ಆ ನೆಲದ ಮಿತಿ. ಮಳೆಗೆ ಮುನ್ನ ಜೀರುಂಡೆಗಳು ಕಿವಿಗಡಚಿಕ್ಕುವ ದಿನಗಳಲ್ಲಿ ಒಂದೇ ಕಾನಿನ ಮಿತಿಯೂ ಬದಲಾಗುತ್ತದೆ.

ಅಪರೂಪದ ಹಕ್ಕಿಗಳಿಗೆ 75 ದಾಖಲೆ ಎಂದೂ ಸಿಗದು. ಆಗ ಹಲವು ವರ್ಷಗಳ ದಾಖಲೆಗಳನ್ನೋ, ದನಿ ಮತ್ತು ನಡವಳಿಕೆಯಲ್ಲಿ ಹೋಲುವ ಜಾತಿಗಳ ದಾಖಲೆಗಳನ್ನೋ ಕೂಡಿಸಿ ಒಂದೇ ಪತ್ತೆರೇಖೆ ಎಳೆಯುವ ಪದ್ಧತಿಯಿದೆ. ಮಂಗಟ್ಟೆಯಂಥ ಹಕ್ಕಿಗಳಲ್ಲಿ ಇನ್ನೊಂದು ತೊಡಕು: ಅವು ರೆಕ್ಕೆ ಬಡಿಯುತ್ತಾ ಮೇಲೆ ಹಾದುಹೋಗುತ್ತವೆ. ಹಾಗೆ ಹಾರಿಹೋದದ್ದು ಆ ವೃತ್ತದ ಹಕ್ಕಿಯಲ್ಲ. ಬೇರೆ ಕಾಲಮಿನಲ್ಲಿ ಬರೆದಿಡಬೇಕು, ಸಾಂದ್ರತೆಗೆ ಸೇರಿಸಬಾರದು.

ದೂರಮಿತಿಯಿಂದ ಗುಣವಾಗದ ಕಾಯಿಲೆಗಳೂ ಇವೆ. ಎಣಿಕೆಯ ಅವಧಿಯನ್ನು ಹತ್ತು, ಹದಿನೈದು ನಿಮಿಷಕ್ಕೆ ಎಳೆದರೆ ಹೊರಗಿನ ಹಕ್ಕಿಗಳು ವೃತ್ತದೊಳಗೆ ಬಂದು ಸೇರುತ್ತಾ ಸಂಖ್ಯೆ ಉಬ್ಬುತ್ತದೆ. ಎಲ್ಲಿ ಕತ್ತರಿಸಿದರೂ ಈ ಉಬ್ಬು ಇಳಿಯದು, ಅವಧಿಯನ್ನೇ ಚಿಕ್ಕದಾಗಿಡಬೇಕು. ಮನುಷ್ಯನನ್ನು ಕಂಡು ಹಕ್ಕಿ ಇಪ್ಪತ್ತು ಮೀಟರ್ ಆಚೆ ಸರಿದು ಕುಳಿತರೆ ಬಿಂದುವಿನ ಸುತ್ತ ಒಂದು ಖಾಲಿ ಉಂಗುರ ಏರ್ಪಡುತ್ತದೆ. ‘ಹಾಗಾದರೆ ಒಳಗಿನಿಂದಲೂ ಕತ್ತರಿಸೋಣ’ ಎನ್ನುವವರಿದ್ದಾರೆ. ಸರಿದ ಹಕ್ಕಿಗಳು ಹೊರಗಿನ ಉಂಗುರದಲ್ಲಿ ಆಗಲೇ ಲೆಕ್ಕಕ್ಕೆ ಬಂದಿರುತ್ತವೆ. ಒಳಗನ್ನು ಕತ್ತರಿಸಿ ರೇಖೆಯನ್ನು ಬಿಂದುವಿನವರೆಗೆ ಚಾಚಿದರೆ ಅವು ಎರಡನೆಯ ಬಾರಿ ಎಣಿಸಿದಂತಾಗಿ ಸಾಂದ್ರತೆ ಏರುತ್ತದೆ. ಅದಕ್ಕಿಂತ ಸದ್ದಿಲ್ಲದೆ ಬಂದು, ಬರುವಾಗಲೇ ಎದ್ದುಹೋದ ಹಕ್ಕಿಯನ್ನು ಮೊದಲು ಕುಳಿತಿದ್ದ ಜಾಗದಲ್ಲಿ ಗುರುತು ಹಾಕಿಕೊಳ್ಳುವುದು ಲೇಸು.

ಇನ್ನು ದುಂಡು ಸಂಖ್ಯೆಗಳ ಮೋಹ. ಊಹಿಸಿ ಬರೆಯುವವರ ಪುಸ್ತಕ ತೆರೆದರೆ 50, 100 ಎಂಬ ದೂರಗಳೇ ಸಾಲುಸಾಲು. 47, 92 ಎಂಬವು ಹುಡುಕಿದರೂ ಸಿಗವು. ಅಂಥ ದಾಖಲೆಗಳನ್ನು ಸರಿಯಾಗಿ 100 ಮೀಟರಿನಲ್ಲಿ ಕತ್ತರಿಸಿದರೆ ಆ ರಾಶಿ ಒಳಗೋ ಹೊರಗೋ ಎಂಬುದರ ಮೇಲೆಯೇ ಉತ್ತರ ನಿಲ್ಲುತ್ತದೆ. ರಾಶಿಯು ಉಂಗುರದ ನಡುವೆ ಬೀಳುವಂತೆ ಗಡಿಗಳನ್ನು ಇಟ್ಟು, ಗುಂಪು ಮಾಡಿ ಲೆಕ್ಕ ಹಾಕುವುದು ದಾರಿ. ಕಾಡಿಗೆ ಹೋಗುವ ಮೊದಲು ಗೊತ್ತಿರುವ ಮರಗಳಿಗೆ ಟೇಪು ಹಿಡಿದು ಒಂದೆರಡು ದಿನ ಕಣ್ಣನ್ನೂ ಕಿವಿಯನ್ನೂ ಪಳಗಿಸಿಕೊಂಡರೆ ಈ ಕಾಯಿಲೆ ಅರ್ಧ ವಾಸಿಯಾಗುತ್ತದೆ.

ಕೊನೆಗೆ ಪ್ರಾಮಾಣಿಕತೆಯ ಮಾತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದವರ ‘ಡಿಸ್ಟೆನ್ಸ್’ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ದೂರಮಿತಿಯನ್ನು ಬದಲಿಸಿ ಹೊಸ ಉತ್ತರ ಪಡೆಯಲು ಕ್ಷಣ ಸಾಕು. ಇಲ್ಲಿಯೇ ಅಪಾಯವಿರುವುದು. ಬೇಕಾದ ಸಾಂದ್ರತೆ ಬರುವವರೆಗೂ ಮಿತಿಯನ್ನು ಸರಿಸುತ್ತಾ ಹೋಗುವ ಆಸೆ ಯೋಜನೆಯ ಪರವಾಗಿರುವವರಿಗೆ ಮಾತ್ರ ಬರುತ್ತದೆಂದು ತಿಳಿಯಬಾರದು. ಕಾಡು ಉಳಿಸಲು ಹೊರಟವರಿಗೂ ಬರುತ್ತದೆ. ಪತ್ತೆರೇಖೆಗಳಲ್ಲಿ ಯಾವುದು ಮೇಲೆಂದು ಆರಿಸಲು ಬಳಸುವ ಎಐಸಿ ಎಂಬ ಅಂಕವೂ ಇಲ್ಲಿ ನೆರವಿಗೆ ಬಾರದು. ಮಿತಿ ಬದಲಾದರೆ ದಾಖಲೆಗಳೇ ಬದಲಾದವು; ಬೇರೆ ಬೇರೆ ದಾಖಲೆಗಳ ಎಐಸಿಗಳನ್ನು ಹೋಲಿಸುವುದು ಎರಡು ಬೇರೆ ಪರೀಕ್ಷೆಗಳ ಅಂಕಗಳನ್ನು ಹೋಲಿಸಿದಂತೆ. ಆದ್ದರಿಂದ ಸ್ತಂಭಚಿತ್ರವನ್ನು ನೋಡಿ, ಸೂತ್ರವನ್ನು ಅನ್ವಯಿಸಿ, ಸಾಂದ್ರತೆಯ ಸಂಖ್ಯೆ ಕಣ್ಣಿಗೆ ಬೀಳುವ ಮುನ್ನವೇ ಮಿತಿಯನ್ನು ನಿಶ್ಚಯಿಸಿ, ಕಾರಣಸಹಿತ ಬರೆದಿಡಬೇಕು. ಆಮೇಲೆ ಅದನ್ನು ಸ್ವಲ್ಪ ಅತ್ತಿತ್ತ, ಉದಾಹರಣೆಗೆ 86ರ ಬದಲು 80ಕ್ಕೆ, 95ಕ್ಕೆ ಸರಿಸಿ ನೋಡಬಹುದು. ಒಳ್ಳೆಯ ದಾಖಲೆಯಾಗಿದ್ದರೆ ಉತ್ತರ ಹೆಚ್ಚೇನೂ ಕದಲುವುದಿಲ್ಲ. ದೊಡ್ಡದಾಗಿ ಕದಲಿದರೆ ಯಾವ ಮಿತಿ ಸರಿಯೆಂದು ವಾದಿಸುವುದನ್ನು ಬಿಟ್ಟು ದೂರಗಳನ್ನು ಬರೆದುಕೊಂಡ ರೀತಿಯನ್ನು ಪರೀಕ್ಷಿಸಬೇಕು. ಈ ಮೂರೂ ಉತ್ತರಗಳನ್ನು ವರದಿಯಲ್ಲಿ ಪಕ್ಕಪಕ್ಕದಲ್ಲಿ ಮುದ್ರಿಸುವುದು ಸಭ್ಯ ಪದ್ಧತಿ.

ಇವೆಲ್ಲಕ್ಕೂ ಮೊದಲು ಬೇಕಾದದ್ದು ಕಾಡಿನಲ್ಲಿ ನಿಂತಾಗ ಏನನ್ನೂ ಕತ್ತರಿಸದಿರುವುದು. ಕೇಳಿದ್ದನ್ನೆಲ್ಲ, ಎದುರು ಗುಡ್ಡದ ಕುಟ್ರುಹಕ್ಕಿಯನ್ನೂ, ದೂರದ ಅಂದಾಜಿನೊಂದಿಗೆ ಬರೆದುಕೊಳ್ಳಬೇಕು. ಪುಸ್ತಕದಲ್ಲಿರುವುದನ್ನು ಮನೆಗೆ ಬಂದ ಮೇಲೆ ಬಿಡಬಹುದು. ಬರೆಯದೆ ಬಿಟ್ಟ ಹಕ್ಕಿಯನ್ನು ಸೇರಿಸಲು ಬಾರದು. ದಿನಾಂಕ, ಹೊತ್ತು, ಹವೆ, ಎಣಿಸಿದವರ ಹೆಸರು, ಹಕ್ಕಿ ಕಂಡದ್ದೋ ಕೇಳಿದ್ದೋ ಎಂಬುದು, ಮೀಟರಿನಲ್ಲಿ ದೂರ: ಒಂದು ಹಕ್ಕಿಗೆ ಒಂದು ಸಾಲು. ಮುಂಗಾರಿಗೆ ಮುನ್ನ ಎಣಿಕೆಗೆ ಹೊರಡುವ ತಂಡಗಳು ಇದೇ ಕಾಲಮುಗಳ ಹಾಳೆಯನ್ನು ತಯಾರಿಸಿಕೊಂಡು, ಮಳೆಗೆ ನೆನೆಯದಂತೆ ಪೆನ್ಸಿಲಿನಲ್ಲಿಯೇ ಬರೆಯಲಿ.